ಬೆನ್ನ ಮೇಲೆ ಅಡ್ಡರಸ್ತೆ

ಕನ್ನಡ ಅಕ್ಷರ ಇರುವ ಟೀ ಶರ್ಟಿಗೆ ನಮ್ಮಲ್ಲಿ ಬರವಿಲ್ಲ. ನವೆಂಬರ್ ಬಂತೆಂದರೆ ಹಳದಿ-ಕೆಂಪು ಟೀ ಶರ್ಟುಗಳು ಬೀದಿಬೀದಿಯಲ್ಲಿ ಸಿಗುತ್ತವೆ. ನಾವು ಮೂವರೂ ಕಾಲೇಜಿನಲ್ಲಿ ಅವನ್ನು ಹಾಕಿಕೊಂಡು ಖುಷಿಯಾಗಿ ತಿರುಗಿದವರೇ. ಆದರೆ ಮಾರ್ಚ್‌ನಲ್ಲೂ ಆಗಸ್ಟ್‌ನಲ್ಲೂ ಹಾಕಬಹುದಾದ ಬಟ್ಟೆ ಬೇಕಿತ್ತು. ಘೋಷಣೆ ಇಲ್ಲದೆ, ಅಕ್ಷರದ ಚಂದಕ್ಕೆ, ಬಟ್ಟೆಯ ತೂಕಕ್ಕೆ, ಹೊಲಿಗೆಯ ಅಚ್ಚುಕಟ್ಟಿಗೆ ಜನ ಕೈಗೆತ್ತಿಕೊಳ್ಳುವ ಬಟ್ಟೆ. ಅದು ಎಲ್ಲೂ ಕಾಣಲಿಲ್ಲ. ನಾವೇ ಮಾಡೋಣ ಅಂತ ಹೊರಟೆವು.

ಮೂವರೂ ಬೇರೆ ಬೇರೆ ಊರಿನವರು. ಕಾಲೇಜಿನ ದಿನಗಳಿಂದಲೂ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆದುಕೊಂಡು ಬಂದಿದ್ದೇವೆ. ಹಾಸನ ಚಿತ್ರ ಬರೆಯುವವಳು, ಓದಿದ್ದೂ ಅದನ್ನೇ. ದಾವಣಗೆರೆ ಲೆಕ್ಕ ನೋಡುವವನು. ಅವನ ತಾತ ಹತ್ತಿ ಗಿರಣಿಯಲ್ಲಿ ದುಡಿದವರು, ಹಾಗಾಗಿ ನೂಲಿನ ಮಾತು ಅವನಿಗೆ ಮನೆಯಿಂದಲೇ ಬಂದಿತ್ತು. ನಾನು ತುಮಕೂರು. ಓಡಾಟ, ಬಟ್ಟೆ, ಹೊಲಿಗೆ, ಪ್ರಿಂಟ್ ಎಲ್ಲ ನನ್ನ ಪಾಲಿಗೆ ಬಂತು. ತಲಾ ಒಂದೂವರೆ ಲಕ್ಷ ಹಾಕಿದೆವು. ಕೆಲಸ ಬಿಡಲಿಲ್ಲ. ಸಂಜೆ ಮತ್ತು ಭಾನುವಾರ ಇದಕ್ಕೆ ಮೀಸಲಾಯಿತು.

ಹಾಸನಳ ಮೊದಲ ಮಾತು ಇವತ್ತಿಗೂ ನಮ್ಮ ಬ್ರ್ಯಾಂಡಿನ ನಿಯಮ. ‘ಯಾವುದೋ ರೆಡಿ ಟೀ ಶರ್ಟ್ ತಂದು ಅದರ ಎದೆ ಮೇಲೆ ಚಿತ್ರ ಹೊಡೆದು ಮಾರೋದಾದ್ರೆ ನಾನು ಬರಲ್ಲ ಕಣ್ರೋ. ಬಟ್ಟೆ ಯಾವುದು, ಕಾಲರ್ ಎಷ್ಟು ಅಗಲ, ಭುಜ ಎಲ್ಲಿ ಇಳೀಬೇಕು, ಎಲ್ಲಾನೂ ನಾವೇ ತೀರ್ಮಾನ ಮಾಡಬೇಕು. ಡಿಸೈನ್ ಅಲ್ಲಿಂದಾನೇ ಶುರು.’ ಅವಳು ಹೇಳಿದ್ದು ನಿಜ ಅಂತ ಒಂದೊಂದು ಹಂತದಲ್ಲೂ ಗೊತ್ತಾಗುತ್ತಾ ಹೋಯಿತು.

ನಾವು ಮಾಡಲು ಹೊರಟ ಇಂಥ ಬೀದಿಯ ಬಟ್ಟೆಗೆ ಸ್ಟ್ರೀಟ್‌ವೇರ್ ಅನ್ನುತ್ತಾರೆ. ಹಾಗೆಂದರೆ ನಮ್ಮಲ್ಲಿ ಸುಮಾರು ಜನಕ್ಕೆ ದೊಗಳೆ ಟೀ ಶರ್ಟ್ ಅಷ್ಟೇ. ಅದರ ಹಿಂದೆ ಒಂದು ಕಥೆ ಇದೆ. 1980ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಶಾನ್ ಸ್ಟೂಸಿ ಎಂಬಾತ ಅಲೆ ಮೇಲೆ ಸವಾರಿ ಮಾಡುವ ಸರ್ಫ್ ಹಲಗೆಗಳನ್ನು ಮಾಡುತ್ತಿದ್ದ. ಹಲಗೆಗಳ ಮೇಲೆ ಹಾಕುತ್ತಿದ್ದ ತನ್ನ ಗೀಚು ಸಹಿಯನ್ನೇ ಟೀ ಶರ್ಟಿನ ಮೇಲೂ ಹಾಕಿದ. ಸ್ಟೂಸಿ ಬ್ರ್ಯಾಂಡ್ ಬೆಳೆದಿದ್ದು ಹಾಗೆ. 1994ರಲ್ಲಿ ನ್ಯೂಯಾರ್ಕಿನ ಲಫಾಯೆಟ್ ಸ್ಟ್ರೀಟಿನಲ್ಲಿ ಸ್ಕೇಟ್‌ಬೋರ್ಡ್ ಹುಡುಗರಿಗಾಗಿ ಸುಪ್ರೀಮ್ ಅಂಗಡಿ ತೆರೆಯಿತು. ಟೋಕಿಯೋದ ಹರಾಜುಕು ಬೀದಿಗಳಲ್ಲೂ ಆಗ ಇದೇ ಗಾಳಿ ಬೀಸುತ್ತಿತ್ತು. ನಮಗೆ ಹಿಡಿಸಿದ್ದು ಆ ಸಹಿಯ ವಿಷಯ. ಒಬ್ಬನ ಕೈಬರಹ, ಅವನ ಬೀದಿ, ಅವನ ಜೊತೆಗಾರರು. ಅದನ್ನು ನೋಡಿಕೊಂಡು ಇಂಗ್ಲಿಷ್ ಅಕ್ಷರ ಹಾಕಿ ಅವರಂತೆಯೇ ಮಾಡಲು ಹೋದರೆ ನಮ್ಮದು ಅನ್ನುವಂಥದ್ದು ಅದರಲ್ಲಿ ಏನು ಉಳಿಯುತ್ತದೆ? ನಮ್ಮ ಬೀದಿಯ ಕೈಬರಹ ಯಾವುದು ಅಂತ ಹುಡುಕಿದೆವು.

ಅದಕ್ಕೆ ಬಹಳ ದೂರ ಹೋಗಬೇಕಾಗಲಿಲ್ಲ. ನಮ್ಮ ಊರಿನ ಕಡೆ ಲಾರಿ ಬಾಡಿಗಳಿಗೆ, ಅಂಗಡಿ ಬೋರ್ಡುಗಳಿಗೆ ಬರೆಯುವ ಹಿರಿಯರೊಬ್ಬರನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಫ್ಲೆಕ್ಸ್ ಬಂದ ಮೇಲೆ ಬೋರ್ಡಿನ ಕೆಲಸ ಬಹುತೇಕ ನಿಂತೇ ಹೋಗಿದೆ. ಲಾರಿಗಳು ಈಗಲೂ ಬರುತ್ತವೆ. ನಾವು ಹೋದಾಗ ಒಂದು ಲಾರಿಯ ಹಿಂಬದಿಗೆ ಬರೆಯುತ್ತಿದ್ದರು. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡೂ ಕಡೆ ಎಳೆದು ಹಿಡಿದು, ನಡುವೆ ಎತ್ತಿ ಬಿಟ್ಟರು. ಫಟ್ ಅಂತ ನೇರ ಗೆರೆ ಬಿತ್ತು. ಎಡಗೈಯಲ್ಲಿ ಒಂದು ಕೋಲು, ಅದರ ಮೇಲೆ ಊರಿದ ಬಲಗೈಯಲ್ಲಿ ಚಪ್ಪಟೆ ಬ್ರಷ್. ತಲೆಕಟ್ಟನ್ನು ಒಂದೇ ಎಳೆತಕ್ಕೆ ಮುಗಿಸುತ್ತಿದ್ದರು. ಬ್ರಷ್ಷನ್ನು ಅಗಲಕ್ಕೆ ಇಟ್ಟು ಶುರು ಮಾಡಿ, ತುದಿಗೆ ಬರುತ್ತಲೇ ಬೆರಳಲ್ಲೇ ಸ್ವಲ್ಪ ತಿರುಗಿಸಿ ಎತ್ತಿಬಿಡುವುದು. ಆ ತಿರುವಿನಲ್ಲೇ ದಪ್ಪ ಗೆರೆ ಸಣ್ಣಗಾಗಿ ಚೂಪಾಗುತ್ತಿತ್ತು. ಹಾಸನ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅವಳು ತನ್ನ ಟ್ಯಾಬ್‌ನಲ್ಲಿ ಮಾಡಿದ್ದ ‘ಅಡ್ಡರಸ್ತೆ’ಯನ್ನು ಅವರಿಗೆ ತೋರಿಸಿದಳು. ಬೆಂಗಳೂರಿನಲ್ಲಿ ವಿಳಾಸ ಅಂದರೆ ಇಷ್ಟನೇ ಮುಖ್ಯರಸ್ತೆ, ಇಷ್ಟನೇ ಅಡ್ಡರಸ್ತೆ. ಬೀದಿಯ ಬಟ್ಟೆಗೆ ಬೀದಿಯ ಹೆಸರೇ ಇರಲಿ ಅಂತ ಆ ಪದವನ್ನು ಆರಿಸಿದ್ದೆವು. ಅವರು ಕನ್ನಡಕ ಏರಿಸಿ ನೋಡಿದರು. ‘ಚೆನ್ನಾಗೈತೆ ಕಣಮ್ಮಾ. ಆದ್ರೆ ಡ ಕೆಳಗಿನ ಒತ್ತಿಗೆ ಜಾಗಾನೇ ಕೊಟ್ಟಿಲ್ವಲ್ಲ. ಮೇಲಿನದ್ದು ಬರೆದು ಮಿಕ್ಕಿದ ಜಾಗದಲ್ಲಿ ಒತ್ತು ತುರುಕಿದ್ರೆ ದೂರದಿಂದ ಓದಕ್ಕಾಗಲ್ಲ. ಮೊದ್ಲು ಒತ್ತಿನ ಜಾಗ ಬಿಟ್ಕೊಂಡು ಆಮೇಲೆ ಮೇಲಿನದ್ದು ಬರೀಬೇಕು.’ ಅಷ್ಟು ಹೇಳಿ ಹಳೇ ಪೇಪರಿನ ಮೇಲೆ ಬರೆದು ತೋರಿಸಿದರು. ನಮ್ಮ ಮೊದಲ ಟೀ ಶರ್ಟಿನ ಬೆನ್ನ ಮೇಲೆ ಇರುವುದು ಅದೇ ಬರಹ.

ಅವರ ಜೊತೆ ಕಾಗದದ ಮೇಲೆ ಒಪ್ಪಂದ ಮಾಡಿಕೊಂಡೆವು. ಬರೆದುಕೊಟ್ಟಿದ್ದಕ್ಕೆ ಒಂದು ಮೊತ್ತ, ಅದರ ಮೇಲೆ ಮಾರಾಟವಾಗುವ ಪ್ರತಿ ಪೀಸಿಗೆ 20 ರೂಪಾಯಿ. ‘ಅದೆಲ್ಲ ಯಾಕಪ್ಪಾ, ಸುಮ್ನೆ ತಗೊಂಡು ಹೋಗ್ರಿ’ ಅಂದರು. ನಾವು ಒಪ್ಪಲಿಲ್ಲ. ಲಾರಿ ಬರಹ, ಬೋರ್ಡ್ ಬರಹ ಅಂದರೆ ಯಾರೂ ಬರೆಯದೆ ತಾನಾಗಿ ಹುಟ್ಟಿದ್ದು ಅನ್ನುವ ಹಾಗೆ ಫೋಟೋ ಹೊಡೆದುಕೊಂಡು ಹೋಗಿ ಬಳಸುವವರು ತುಂಬ ಜನ ಇದ್ದಾರೆ. ಬರೆದ ಕೈ ಇನ್ನೂ ಬರೆಯುತ್ತಿರುವಾಗ ಅದಕ್ಕೆ ದುಡ್ಡು ಸೇರಬೇಕು.

ಆಮೇಲೆ ಬಟ್ಟೆ. ಹೆಣೆದ ಬಟ್ಟೆ, ಅಂದರೆ ಟೀ ಶರ್ಟ್ ಬಟ್ಟೆ ಬೇಕೆಂದರೆ ತಮಿಳುನಾಡಿನ ತಿರುಪ್ಪೂರಿಗೆ ಹೋಗಬೇಕು. ಹೊಸೂರು, ಸೇಲಂ ದಾಟಿಕೊಂಡು ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ಅಲ್ಲಿ. ಊರಿಗೆ ಊರೇ ಬಟ್ಟೆ. ಒಂದು ಬೀದಿಯಲ್ಲಿ ನೂಲು, ಇನ್ನೊಂದರಲ್ಲಿ ಹೆಣಿಗೆ, ಮತ್ತೊಂದರಲ್ಲಿ ಲೇಬಲ್ಲು, ದಾರ, ಡಬ್ಬ. ರೈಲ್ವೆ ಸ್ಟೇಷನ್ ಹತ್ತಿರದ ಖಾದರ್‌ಪೇಟೆಯಲ್ಲಿ ಸಿದ್ಧ ಟೀ ಶರ್ಟುಗಳು ರಾಶಿರಾಶಿಯಾಗಿ ಸಿಗುತ್ತವೆ. ರೆಡಿ ಮಾಲು ಬೇಕಿದ್ದರೆ ನಮ್ಮ ಕೆಲಸ ಅಲ್ಲೇ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ಅಲ್ಲಿ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಜಿಎಸ್‌ಎಂ?’ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಸಾಮಾನ್ಯ ಟೀ ಶರ್ಟ್ 160ರಿಂದ 180 ಜಿಎಸ್‌ಎಂ. ದೊಗಳೆ ಟೀ ಶರ್ಟನ್ನು ಆ ಬಟ್ಟೆಯಲ್ಲಿ ಹೊಲಿದರೆ ಮೈಗೆ ಅಂಟಿಕೊಂಡು ಜೋತುಬೀಳುತ್ತದೆ. ಭುಜದಿಂದ ನೇರವಾಗಿ ಇಳಿದು ಪೆಟ್ಟಿಗೆಯಂತೆ ನಿಲ್ಲಬೇಕಾದರೆ 220, 240 ಬೇಕು. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರಬೇಕಿಲ್ಲ. ಅಲ್ಲೇ ಒಂದು ದುಂಡನೆಯ ಕಟರ್ ಇರುತ್ತದೆ. ಬಟ್ಟೆಯ ಮೇಲಿಟ್ಟು ಒತ್ತಿ ತಿರುಗಿಸಿದರೆ ಸರಿಯಾಗಿ 100 ಚದರ ಸೆಂಟಿಮೀಟರಿನ ಬಿಲ್ಲೆ ಕತ್ತರಿಸಿ ಬರುತ್ತದೆ. ಸಣ್ಣ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಂ ಅನ್ನು ನೂರರಿಂದ ಗುಣಿಸಿದರೆ ಜಿಎಸ್‌ಎಂ. ‘240’ ಅಂತ ಚೀಟಿ ಅಂಟಿಸಿದ್ದ ಒಂದು ರೋಲಿನಿಂದ ಕತ್ತರಿಸಿದ ಬಿಲ್ಲೆ 2.2 ಗ್ರಾಂ ತೂಗಿತು. ಪಕ್ಕದ ರೋಲಿನದು 2.4. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದೆ. ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಬೆರಳಿಗೆ ಗೊತ್ತಾಗುತ್ತದೆ.

ಆ ಅಂಗಡಿಯ ಯಜಮಾನರು ನಮ್ಮ ಮಾತು ಕೇಳಿಸಿಕೊಂಡು ‘ಕನ್ನಡದವರಾ? ನಮ್ಮನೇಲೂ ಕನ್ನಡವೇ’ ಅಂದರು. ಕೊಯಮತ್ತೂರು ಸೀಮೆಯಲ್ಲಿ ದೇವಾಂಗ ನೇಕಾರ ಕುಟುಂಬಗಳು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತಾಡಿಕೊಂಡು ಬಂದಿವೆ. ಓದಲು ಬರೆಯಲು ಬಾರದು, ಅವರಿಗೆ ಗೊತ್ತಿರುವುದು ತಮಿಳು ಅಕ್ಷರ. ಹಾಸನ ‘ಅಡ್ಡರಸ್ತೆ’ ತೋರಿಸಿದಾಗ ‘ಇದೇನು ಬರ್ದದೆ?’ ಅಂತ ಕೇಳಿ, ಅವಳು ಓದಿ ಹೇಳಿದ ಮೇಲೆ ಒಂದೊಂದೇ ಅಕ್ಷರವನ್ನು ಬೆರಳಲ್ಲಿ ತಿದ್ದಿ ನೋಡಿದರು. ಆಮೇಲೆ ಬಹಳ ಹೊತ್ತು ಕೂರಿಸಿಕೊಂಡು ಬಟ್ಟೆಯ ಗುಣ ಹೇಳಿಕೊಟ್ಟರು. ಬಾಚಿದ ಹತ್ತಿಯ ನೂಲು, ಅಂದರೆ ಕೋಂಬ್ಡ್ ಯಾಕೆ ಬೇಕು: ಬಾಚಿದಾಗ ಗಿಡ್ಡ ಎಳೆಗಳು ಉದುರಿಹೋಗುತ್ತವೆ, ಬಟ್ಟೆಯ ಮೇಲೆ ಜುಂಗು ಏಳುವುದು ಕಡಿಮೆ. ಬಯೋ ವಾಶ್ ಯಾಕೆ: ಮೇಲೆದ್ದ ಸಣ್ಣ ಎಳೆಗಳನ್ನು ಕಿಣ್ವ ತಿಂದುಹಾಕಿ ಮೈ ನಯವಾಗುತ್ತದೆ, ಪ್ರಿಂಟೂ ಚೆನ್ನಾಗಿ ಕೂರುತ್ತದೆ. ಕಾಲರಿನ ರಿಬ್ಬಿಗೆ, ಅಂದರೆ ಕತ್ತಿನ ಸುತ್ತ ಹೊಲಿಯುವ ಗೀರುಗೀರಿನ ಹೆಣಿಗೆ ಪಟ್ಟಿಗೆ, ಶೇ 5ರಷ್ಟು ಲೈಕ್ರಾ (ಹಿಗ್ಗಿ ಕುಗ್ಗುವ ನೂಲು) ಇಲ್ಲದಿದ್ದರೆ ನಾಲ್ಕು ಒಗೆತಕ್ಕೆ ಕತ್ತು ಜೋಲುತ್ತದೆ.

ಬಣ್ಣದ ವಿಷಯದಲ್ಲಿ ನಮ್ಮದು ಹಟ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಕೆಂಪು ಗಾರೆ ನೆಲ ಇದೆಯಲ್ಲ, ಆ ಬಣ್ಣವೇ ಬೇಕು ಅಂದೆವು. ಅಂಗಡಿಗಳಲ್ಲಿ ಅದು ಸ್ಟಾಕಿನಲ್ಲಿ ಇರುವುದಿಲ್ಲ. ಬೇರೆಯಾಗಿ ಅದ್ದಿಸಬೇಕು. ಡೈಯಿಂಗ್ ಮೆಷಿನ್ನುಗಳು ದೊಡ್ಡವು, ಒಂದೇ ಸಲಕ್ಕೆ ಕ್ವಿಂಟಾಲ್‌ಗಟ್ಟಲೆ ಬಟ್ಟೆ ನುಂಗುತ್ತವೆ. ಸಣ್ಣ ಲಾಟ್ ಮಾಡಿಕೊಡುವವರನ್ನು ಹುಡುಕಿ, ಕೆಜಿಗೆ ಹೆಚ್ಚು ಕೊಟ್ಟು ಮಾಡಿಸಿದೆವು. ಯಾಕಿಷ್ಟು ದುಬಾರಿ ಅಂತ ಕೇಳಿದ್ದಕ್ಕೆ ಡೈಯಿಂಗ್ ಯುನಿಟ್ಟಿನವರು ಅಲ್ಲಿ ಹರಿಯುವ ನೊಯ್ಯಲ್ ನದಿಯ ಕಥೆ ಹೇಳಿದರು. ಬಣ್ಣದ ನೀರು ಹರಿದು ನದಿ ಹಾಳಾಗಿತ್ತು, ಕೆಳಗಿನ ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್, ಬ್ಲೀಚಿಂಗ್ ಯುನಿಟ್ಟುಗಳನ್ನು ಮುಚ್ಚಲು ಹೇಳಿತು. ಕೊಳೆ ನೀರನ್ನು ಒಂದು ಹನಿಯೂ ಹೊರಗೆ ಬಿಡದೆ ಶುದ್ಧ ಮಾಡಿ ಮತ್ತೆ ಬಳಸುವ ವ್ಯವಸ್ಥೆ ಇದ್ದರೆ ಮಾತ್ರ ನಡೆಸಬಹುದು. ಆ ಖರ್ಚೂ ಕೆಜಿಯ ರೇಟಿನಲ್ಲಿ ಸೇರಿದೆ. ಕೇಳಿದ ಮೇಲೆ ಆ ರೇಟಿನ ಬಗ್ಗೆ ನಾವು ಚೌಕಾಸಿ ಮಾಡಲಿಲ್ಲ.

ಗಾಢ ಕೆಂಪಿಗೆ ಇನ್ನೊಂದು ಗುಣ. ಒದ್ದೆಯಾದಾಗ ತಿಕ್ಕಿದರೆ ಬಣ್ಣ ಬಿಡುವುದು ಈ ಕೆಂಪಿನಲ್ಲೂ ಕಪ್ಪಿನಲ್ಲೂ ಜಾಸ್ತಿ. ಸ್ಯಾಂಪಲ್ ಬಟ್ಟೆಯನ್ನು ಮನೆಗೆ ತಂದು ಬಿಳಿ ಪಂಚೆಯ ತುಂಡಿನ ಜೊತೆ ನೆನೆಹಾಕಿದೆವು, ಉಜ್ಜಿದೆವು. ಬಟ್ಟೆಯ ಮೇಲೆ ಪೆನ್ನಿನಲ್ಲಿ 50 ಸೆಂಟಿಮೀಟರಿನ ಚೌಕ ಬರೆದು, ಒಗೆದು ಒಣಗಿಸಿ ಮತ್ತೆ ಅಳೆದೆವು. ಉದ್ದ 48ಕ್ಕೆ ಬಂದರೆ ಶೇ 4ರಷ್ಟು ಕುಗ್ಗಿತು ಅಂತ ಲೆಕ್ಕ. ಅಳತೆಯ ಜೊತೆ ಚೌಕ ಸೊಟ್ಟಗಾಗಿದೆಯಾ ಅಂತಲೂ ನೋಡಬೇಕು. ನೂಲಿನ ಹುರಿ ಬಿಚ್ಚಿಕೊಳ್ಳಲು ನೋಡುವುದರಿಂದ ಸಿಂಗಲ್ ಜೆರ್ಸಿ, ಅಂದರೆ ಟೀ ಶರ್ಟಿಗೆ ಬಳಸುವ ಸರಳ ಹೆಣಿಗೆಯ ಬಟ್ಟೆ, ಒಗೆದ ಮೇಲೆ ಓರೆಯಾಗುತ್ತದೆ. ಪಕ್ಕದ ಹೊಲಿಗೆ ಹೊಟ್ಟೆಯ ಮೇಲೆ ಬಂದ ಟೀ ಶರ್ಟ್ ಎಲ್ಲರ ಮನೆಯಲ್ಲೂ ಒಂದು ಇರುತ್ತದಲ್ವಾ, ಅದು ಇದೇ. ಪರೀಕ್ಷೆ ಪಾಸಾದ ಬಟ್ಟೆಯನ್ನು ಮಾತ್ರ ತಂದೆವು. ಒಂದು ಸಲ ರಿಬ್ ಮಾತ್ರ ಕೈ ಕೊಟ್ಟಿತು. ಬಟ್ಟೆಯೂ ರಿಬ್ಬೂ ಒಂದೇ ಲಾಟಿನಲ್ಲಿ ಅದ್ದಿದ್ದು ಅಂತ ಮಾತು ಕೊಟ್ಟಿದ್ದರು. ಟ್ಯೂಬ್‌ಲೈಟ್ ಕೆಳಗೆ ಎರಡೂ ಒಂದೇ. ಬಿಸಿಲಿಗೆ ತಂದರೆ ಕಾಲರ್ ಬೇರೆ, ಮೈ ಬೇರೆ. ಆ ರಿಬ್ಬನ್ನು ವಾಪಸ್ ಕಳಿಸಿದೆವು, ದುಡ್ಡು ಅರ್ಧ ಬಂತು.

ಕಟಿಂಗ್, ಹೊಲಿಗೆ ಬೆಂಗಳೂರಿನಲ್ಲೇ ಆಗಬೇಕು ಅನ್ನುವುದು ನನ್ನ ಆಸೆ. ಈ ಊರಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಲಕ್ಷಾಂತರ ಹೆಣ್ಣುಮಕ್ಕಳಿದ್ದಾರೆ, ಹೊರದೇಶದ ದೊಡ್ಡ ಹೆಸರುಗಳ ಬಟ್ಟೆ ಅವರ ಕೈಯಲ್ಲಿ ಹೊಲಿಗೆಯಾಗಿ ಹೋಗುತ್ತದೆ. ದೊಡ್ಡ ಫ್ಯಾಕ್ಟರಿಗಳು ನಮ್ಮಂಥವರ ಮುನ್ನೂರು ಪೀಸಿಗೆ ಲೈನ್ ಬಿಡುವುದಿಲ್ಲ, ಅದು ಸಹಜ. ಲಗ್ಗೆರೆ ಕಡೆ ಒಂದು ಸಣ್ಣ ಯುನಿಟ್ ಸಿಕ್ಕಿತು. ಹತ್ತು-ಹನ್ನೆರಡು ಮೆಷಿನ್ನು, ಒಬ್ಬ ಕಟಿಂಗ್ ಮಾಸ್ಟರ್, ಉಳಿದವರೆಲ್ಲ ಮೊದಲು ಫ್ಯಾಕ್ಟರಿಗಳಲ್ಲಿ ದುಡಿದ ಅಕ್ಕಂದಿರು.

ಓವರ್‌ಸೈಜ್ ಅಂದರೆ ಎಂ ಸೈಜಿನವನಿಗೆ ಎಕ್ಸ್‌ಎಲ್ ಕೊಡುವುದಲ್ಲ ಅನ್ನುವುದನ್ನು ಮಾಸ್ಟರ್‌ಗೆ ಹೇಳುವ ಅಗತ್ಯವೇ ಬೀಳಲಿಲ್ಲ. ‘ಎಕ್ಸ್‌ಎಲ್ ಹಾಕಿದ್ರೆ ಉದ್ದಾನೂ ಜಾಸ್ತಿ ಆಗ್ತದೆ ಸಾರ್, ಮಂಡಿಗೆ ಬರ್ತದೆ. ಇದು ಅಗಲ ಬೇಕು, ಉದ್ದ ಬೇಡ, ತೋಳು ಮೊಣಕೈಗೆ ನಿಲ್ಲಬೇಕು, ಅಷ್ಟೇ ತಾನೆ?’ ಎಂ ಸೈಜಿಗೆ ಎದೆ 44 ಇಂಚು, ಉದ್ದ 28, ಭುಜ 21 ಅಂತ ನಿಂತಿತು. ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಕೂರಬೇಕು. ಎಷ್ಟು ಇಳಿದರೆ ಚೆಂದ, ಎಲ್ಲಿಂದಾಚೆ ಕೈ ಎತ್ತುವಾಗ ಇಡೀ ಅಂಗಿ ಮೇಲೆ ಬರುತ್ತದೆ ಅನ್ನುವುದು ಕಾಗದದ ಮೇಲೆ ಗೊತ್ತಾಗುವುದಿಲ್ಲ. ದಾವಣಗೆರೆ ಸ್ಯಾಂಪಲ್ ಹಾಕಿಕೊಂಡು ಬಸ್ಸಿನ ಕಂಬಿ ಹಿಡಿದು ನಿಂತವನಂತೆ ಕೈ ಎತ್ತಿ ನಿಲ್ಲುವುದು, ಮಾಸ್ಟರ್ ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಮತ್ತೆ ಬಿಚ್ಚಿ ಹೊಲಿಯುವುದು. ಹೀಗೆ ಅಳತೆ ಕೈಗೆ ಬಂತು.

ಕಾಲರ್ ಕೂರಿಸುವ ಅಕ್ಕನ ಕೆಲಸ ನೋಡಲು ನಾನು ಸುಮ್ನೆ ನಿಂತುಬಿಡುತ್ತಿದ್ದೆ. ರಿಬ್ಬಿನ ಪಟ್ಟಿಯನ್ನು ಕತ್ತಿನ ಸುತ್ತಳತೆಗಿಂತ ಗಿಡ್ಡ ಕತ್ತರಿಸಿರುತ್ತಾರೆ. ಹೊಲಿಯುವಾಗ ಅದನ್ನು ಒಂದೇ ಸಮನೆ ಎಳೆಯುತ್ತಾ ಹೋಗಬೇಕು. ಬಟ್ಟೆಯನ್ನು ಎಳೆಯುವಂತಿಲ್ಲ, ರಿಬ್ಬನ್ನು ಮಾತ್ರ. ಒಂದು ಕಡೆ ಜಾಸ್ತಿ ಎಳೆದರೆ ಅಲ್ಲಿ ಸುಕ್ಕು, ಇನ್ನೊಂದು ಕಡೆ ಅಲೆ. ಅವರು ಬಲಗೈ ಹೆಬ್ಬೆರಳಿನಿಂದ ಬಟ್ಟೆಯನ್ನು ಒತ್ತಿ ಹಿಡಿದು, ಎಡಗೈಯ ಎರಡು ಬೆರಳಲ್ಲಿ ರಿಬ್ಬನ್ನು ಎಳೆಯುತ್ತಾ ಒಂದು ಸುತ್ತು ಬರುವಷ್ಟರಲ್ಲಿ ಕತ್ತು ದುಂಡಗೆ ಕೂತಿರುತ್ತಿತ್ತು. ಒಂದು ದಿನ ಅವರೇ ಕರೆದು ಹೇಳಿದರು. ‘ತಮ್ಮಾ, ಈ ಬಟ್ಟೆ ಭಾರ ಇದೆ. ಭುಜ ಜಗ್ಗುತ್ತೆ. ಈ ಭುಜದಿಂದ ಆ ಭುಜಕ್ಕೆ ಒಳಗಡೆ ಟೇಪ್ ಹಾಕ್ಸಿ.’ ಪೀಸಿಗೆ ಕೆಲವು ರೂಪಾಯಿ ಹೆಚ್ಚಾಗುತ್ತದೆ. ಹಾಕಿಸಿದೆವು. ನಮ್ಮ ಟೀ ಶರ್ಟ್ ಕೊಂಡವರು ಹೊಗಳುವ ಮೊದಲ ವಿಷಯ ಕತ್ತು. ಅದು ಆ ಅಕ್ಕನ ಡಿಸೈನ್, ಈ ಮಾತನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರಿಂಟಿನಲ್ಲಿ ಕನ್ನಡ ಅಕ್ಷರ ತನ್ನ ಗುಣ ತೋರಿಸಿತು. ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿಯ ಅಚ್ಚಿನ ಮೂಲಕ ಶಾಯಿ ಒತ್ತುವುದು, ಅದನ್ನೇ ಮಾಡುವುದೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು. ಬಣ್ಣಕ್ಕೊಂದು ಸ್ಕ್ರೀನ್ ಬೇಕು, ಶುರುವಿನ ಖರ್ಚು ಹೆಚ್ಚು, ಆದರೆ ಒಗೆದಷ್ಟೂ ಬಾಳುತ್ತದೆ. ಗಾಢ ಬಣ್ಣದ ಬಟ್ಟೆಯ ಮೇಲೆ ನೇರವಾಗಿ ಹಳದಿ ಹೊಡೆದರೆ ಮಂಕಾಗುತ್ತದೆ. ಮೊದಲು ಬಿಳಿಯ ಒಂದು ಪದರ, ಅದನ್ನು ಬಿಸಿ ತಾಗಿಸಿ ಅರೆ ಒಣಗಿಸಿ, ಅದರ ಮೇಲೆ ಹಳದಿ. ಪ್ರತಿ ಪದರಕ್ಕೂ ಶಾಯಿ ಅಂಚಿನಿಂದ ಒಂದಿಷ್ಟು ಆಚೆ ಹರಡುತ್ತದೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ‘ಡ್ಡ’ದ ಒಳಗಿನ ಸಣ್ಣ ಕಿಂಡಿ ಮುಚ್ಚಿಹೋಗುತ್ತದೆ. ‘ಸ್ತೆ’ಯ ಕೆಳಗಿನ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಪೇಂಟರ್ ಹೇಳಿದ್ದ ಜಾಗದ ಮಾತು ಇಲ್ಲಿ ಮತ್ತೆ ಬಂತು. ಹಾಸನ ಅವರ ಬರಹವನ್ನು ಸ್ಕ್ಯಾನ್ ಮಾಡಿ, ಕಿಂಡಿಗಳನ್ನು ಕೂದಲೆಳೆಯಷ್ಟು ಅಗಲಿಸಿ, ಬಿಳಿ ಪದರವನ್ನು ಹಳದಿಗಿಂತ ಸ್ವಲ್ಪ ಒಳಕ್ಕೆ ಸರಿಸಿ ಮತ್ತೆ ಬಿಡಿಸಿದಳು. ಬ್ರಷ್ಷಿನ ಚೂಪು ತುದಿಗಳನ್ನು ಮಾತ್ರ ಮುಟ್ಟಲಿಲ್ಲ.

ಉಬ್ಬುವ ಶಾಯಿ, ಅದೇ ಪಫ್ ಪ್ರಿಂಟ್, ಈಗ ಎಲ್ಲರಿಗೂ ಇಷ್ಟ. ಕಾಯಿಸಿದಾಗ ಅದು ಮೇಲಕ್ಕೂ ಪಕ್ಕಕ್ಕೂ ಉಬ್ಬುತ್ತದೆ. ಒತ್ತಕ್ಷರಕ್ಕೆ ಅದು ಆಗಿಬರುವುದಿಲ್ಲ. ಎದೆಯ ಮೇಲೆ ಒಂದೇ ಒಂದು ‘ಳ’ ಇರುವ ಎರಡನೇ ಡಿಸೈನಿಗೆ ಪಫ್ ಇಟ್ಟೆವು. ಅದಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ‘ಳ’ದಷ್ಟು ದುಂಡನೆಯ, ಒಳಗೆ ಜಾಗ ಇರುವ ಅಕ್ಷರ ಇನ್ನೊಂದು ಸಿಗುವುದು ಕಷ್ಟ. ಬೆನ್ನಿನ ಪ್ರಿಂಟನ್ನು ಹೊಲಿಯುವ ಮೊದಲೇ, ಕತ್ತರಿಸಿದ ತುಂಡಿನ ಮೇಲೆ ಮಾಡಿಸಿದೆವು. ಬಟ್ಟೆ ಚಪ್ಪಟೆಯಾಗಿ ಕೂರುವುದರಿಂದ ಅಂಚಿನವರೆಗೂ ಹೊಡೆಯಬಹುದು, ಪ್ರಿಂಟ್ ಕೆಟ್ಟರೆ ಒಂದು ತುಂಡು ಹೋಗುತ್ತದೆಯೇ ಹೊರತು ಇಡೀ ಟೀ ಶರ್ಟ್ ಅಲ್ಲ. ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ಮಾತು: ಪ್ರಿಂಟಿನವರಿಗೆ ಫೈಲ್ ಕಳಿಸುವ ಮೊದಲು ಅಕ್ಷರಗಳನ್ನು ಔಟ್‌ಲೈನ್ ಮಾಡಿಬಿಡಿ, ಅಂದರೆ ಫಾಂಟಿನ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿಬಿಡಿ. ಅವರ ಕಂಪ್ಯೂಟರಿನಲ್ಲಿ ಭಾರತೀಯ ಲಿಪಿಯ ಆಯ್ಕೆ ಆನ್ ಆಗಿರದಿದ್ದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಕನ್ನಡ ಓದಲು ಬಾರದವರು ಅದನ್ನು ಹಾಗೆಯೇ ಪ್ರಿಂಟ್ ಮಾಡುತ್ತಾರೆ.

ಕಾಗದಪತ್ರದ ಕೆಲಸ ದಾವಣಗೆರೆಯದು, ಚುರುಕಾಗಿ ಮುಗಿಸಿದ. ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆ ಸೀಮಿತವಾಗಿರುವ ಸಂಸ್ಥೆ ಮಾಡಿದೆವು. ಒಬ್ಬರು ಬಿಟ್ಟು ಹೋದರೆ ಡಿಸೈನುಗಳು ಯಾರಿಗೆ, ಹಾಕಿದ ದುಡ್ಡು ಹೇಗೆ ವಾಪಸ್ ಅನ್ನುವುದನ್ನು ಸ್ನೇಹ ಗಟ್ಟಿಯಾಗಿರುವಾಗಲೇ ಬರೆದಿಟ್ಟೆವು. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ರಾಜ್ಯದ ಹೊರಗೆ ಮಾರುವುದಾದರೆ ಮೊದಲ ಪೀಸಿಗೇ ಜಿಎಸ್‌ಟಿ ನಂಬರ್ ಬೇಕು. ಸಿದ್ಧ ಉಡುಪಿನ ಟ್ರೇಡ್‌ಮಾರ್ಕ್ 25ನೇ ವರ್ಗದಲ್ಲಿ ಬರುತ್ತದೆ, ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ನಮಗೆ ಇಷ್ಟವಾಗಿದ್ದ ಹೆಸರುಗಳನ್ನು ಹೋಲುವಂಥವು ಆಗಲೇ ಟ್ರೇಡ್‌ಮಾರ್ಕ್ ಪಟ್ಟಿಯಲ್ಲಿದ್ದವು. ಕಾಗುಣಿತ ಬೇರೆ ಇದ್ದರೂ ಕಿವಿಗೆ ಒಂದೇ ಥರ ಕೇಳಿದರೆ ತಕರಾರು ಬರುತ್ತದೆ. ಲೋಗೋ ಬಿಡಿಸುವ ಮೊದಲೇ ಹುಡುಕಿ ನೋಡಿದ್ದರಿಂದ ಆ ಕೆಲಸ ಎರಡೆರಡು ಸಲ ಆಗಲಿಲ್ಲ.

ಬೆಲೆಯ ಲೆಕ್ಕವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 240 ಜಿಎಸ್‌ಎಮ್ಮಿನ ಒಂದು ಓವರ್‌ಸೈಜ್ ಟೀ ಶರ್ಟಿಗೆ ವೇಸ್ಟೇಜ್ ಸೇರಿ ಸುಮಾರು 330 ಗ್ರಾಂ ಬಟ್ಟೆ ಹೋಗುತ್ತದೆ, ಅಂದರೆ ಒಂದು ಕೆಜಿಗೆ ಮೂರು. ನಮಗೆ ಬಟ್ಟೆ ಮತ್ತು ರಿಬ್ಬಿಗೇ 180 ರೂಪಾಯಿ ಬಿತ್ತು. ಕಟಿಂಗ್, ಹೊಲಿಗೆ, ಚೆಕಿಂಗ್, ಇಸ್ತ್ರಿಗೆ 75. ಪ್ರಿಂಟಿಗೆ 70. ಲೇಬಲ್, ಟ್ಯಾಗ್, ಪ್ಯಾಕಿಂಗ್, ಸಾಗಾಟ, ಪೇಂಟರ್ ಪಾಲು ಎಲ್ಲ ಸೇರಿ 380ರ ಆಸುಪಾಸು. ಸ್ಯಾಂಪಲ್ಲುಗಳ ಖರ್ಚು, ಫೋಟೋ, ಕೊರಿಯರ್, ವಾಪಸ್ ಬರುವ ಪಾರ್ಸೆಲ್ ಇದರಲ್ಲಿ ಸೇರಿಲ್ಲ. 1,199 ಅಂತ ಬೆಲೆ ಇಟ್ಟೆವು. ಆಗ ಸಾವಿರದೊಳಗಿನ ಬಟ್ಟೆಗೆ ಶೇ 5, ಅದರ ಮೇಲೆ ಶೇ 12 ತೆರಿಗೆ. 999ಕ್ಕೆ ಇಳಿಸೋಣ ಅಂತ ದಾವಣಗೆರೆ ವಾದ ಮಾಡಿದ. ಆದರೆ ಆ ಬೆಲೆಗೆ ಬರಬೇಕಾದರೆ ಭುಜದ ಟೇಪೋ ಬಟ್ಟೆಯ ತೂಕವೋ ಹೋಗಬೇಕಿತ್ತು. ಹಾಸನ ಬಿಲ್‌ಕುಲ್ ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ ಶೇ 5 ಆಯಿತು, ಅದರ ಮೇಲೆ ಶೇ 18. ಅವತ್ತಿಂದಲೇ 1,125ಕ್ಕೆ ಇಳಿಸಿದೆವು. ಕಡಿಮೆಯಾದ ತೆರಿಗೆ ಕೊಳ್ಳುವವರಿಗೇ ಸೇರಬೇಕು.

ಆನ್‌ಲೈನಿನಲ್ಲಿ ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಆರ್ಡರ್ ಜಾಸ್ತಿ ಬರುತ್ತವೆ, ಬಾಗಿಲಲ್ಲೇ ಬೇಡ ಅಂದು ವಾಪಸ್ ಬರುವುದೂ ಜಾಸ್ತಿ. ಹೋಗುವ ಖರ್ಚೂ ಬರುವ ಖರ್ಚೂ ನಮ್ಮದೇ. ಕೆಲವು ವಾರ ನೋಡಿ ಅದನ್ನು ತೆಗೆದೆವು. ನಮಗೆ ಒಗ್ಗಿದ್ದು ವಾರಾಂತ್ಯದ ಸಂತೆಗಳು. ಜನ ಬಟ್ಟೆಯನ್ನು ಮುಟ್ಟಿ ನೋಡುತ್ತಾರೆ. 240 ಜಿಎಸ್‌ಎಂ ಅಂತ ಬರೆದು ತಿಳಿಸುವುದಕ್ಕೂ ಕೈಗೆ ಕೊಡುವುದಕ್ಕೂ ತುಂಬ ಅಂತರ.

ಅಂಥ ಒಂದು ಸಂತೆಯಲ್ಲಿ ಇಬ್ಬರು ಕಾಲೇಜು ಹುಡುಗರು ಬಂದರು. ಒಬ್ಬ ಹಾಕಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ನಿಂತ. ಇನ್ನೊಬ್ಬ ಓದಿ, ‘ಅಡ್ಡರಸ್ತೆ ಸರಿ, ಎಷ್ಟನೇದು ಮಗಾ?’ ಅಂದ. ‘ನಮ್ದು ಹನ್ನೊಂದ್ನೇದು. ಹಾಕ್ಕೊಡ್ತೀರಾ ಅಕ್ಕಾ?’ ಅಂತ ಇವನು ಹಾಸನಳನ್ನು ಕೇಳಿದ. ಅವಳು ನನ್ನ ಮುಖ ನೋಡಿದಳು. ನಾನು ದಾವಣಗೆರೆಯ ಮುಖ ನೋಡಿದೆ. ಅವತ್ತು ಹಾಕಿಕೊಡಲು ಆಗಲಿಲ್ಲ. ಆ ಹುಡುಗನ ನಂಬರ್ ಬರೆದುಕೊಂಡೆವು.

ಪೇಂಟರ್ ಹತ್ತಿರ ಹೋಗಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳನ್ನು ಬರೆಸಿದೆವು, ಕನ್ನಡದ ಅಂಕಿಗಳನ್ನೂ ಬರೆಸಿದೆವು. ಪದದ ಮೇಲ್ಗಡೆ ‘ನೇ’ ಸೇರಿಸಿ ಅದರ ಎಡಕ್ಕೆ ಖಾಲಿ ಜಾಗ ಬಿಟ್ಟು ಬೆನ್ನಿನ ಪ್ರಿಂಟನ್ನು ಹೊಸದಾಗಿ ಮಾಡಿದೆವು. ಅಂಕಿಗಳನ್ನು ಡಿಟಿಎಫ್, ಅಂದರೆ ಬಿಸಿ ಒತ್ತಿದರೆ ಪ್ರಿಂಟು ಬಟ್ಟೆಗೆ ಅಂಟುವ ಹಾಳೆಯ ಮೇಲೆ ಮಾಡಿಸಿಟ್ಟುಕೊಂಡು, ಒಂದು ಹೀಟ್ ಪ್ರೆಸ್ಸನ್ನು ಸಂತೆಗೇ ತೆಗೆದುಕೊಂಡು ಹೋಗುತ್ತೇವೆ. 150 ಡಿಗ್ರಿ, ಹತ್ತು-ಹದಿನೈದು ಸೆಕೆಂಡು, ಹಾಳೆ ಕಿತ್ತರೆ ನಿಮ್ಮ ಬೀದಿ ನಿಮ್ಮ ಬೆನ್ನ ಮೇಲೆ. ಬಂದವರು ತಮ್ಮ ಅಡ್ಡರಸ್ತೆಯ ಜೊತೆ ಅಲ್ಲಿನ ಕಥೆಯನ್ನೂ ಹೇಳುತ್ತಾರೆ. ಮದುವೆಯಾಗಿ ಬೇರೆ ಕಡೆ ಹೋದವರು ತವರಿನ ಬೀದಿಯ ನಂಬರ್ ಹಾಕಿಸಿಕೊಳ್ಳುತ್ತಾರೆ. ಕನ್ನಡ ಬಾರದ ಒಂದು ಹುಡುಗಿ ತಾನು ಬಾಡಿಗೆಗಿರುವ ಮನೆಯ ಬೀದಿಯನ್ನು ಕನ್ನಡ ಅಂಕಿಯಲ್ಲೇ ಬೇಕೆಂದು ಕೇಳಿ, ಬರೆಯುವುದನ್ನೂ ಕಲಿತುಕೊಂಡು ಹೋದಳು. ಆ ಹನ್ನೊಂದನೆಯ ಹುಡುಗನಿಗೆ ಮೊದಲ ಪೀಸ್ ಕಳಿಸಿದೆವು.

ಈಗ ಹುಡಿ, ಅಂದರೆ ಬೆನ್ನಿಗೆ ಟೋಪಿ ಇರುವ ದಪ್ಪ ಮೇಲಂಗಿಯ ಕೆಲಸ ನಡೆಯುತ್ತಿದೆ. 320 ಜಿಎಸ್‌ಎಮ್ಮಿನ ಲೂಪ್ ಬಟ್ಟೆ (ಒಳಮೈಯಲ್ಲಿ ನೂಲಿನ ಕುಣಿಕೆಗಳಿರುವುದು), ಬೆನ್ನಿಗೆ ‘ಮುಖ್ಯರಸ್ತೆ’. ಹುಡಿಗೆ ಬೇರೆಯದೇ ತೊಡಕು. ಟೋಪಿ ಹಿಂದಕ್ಕೆ ಬಿದ್ದಾಗ ಬೆನ್ನಿನ ಮೇಲ್ಭಾಗ ಮುಚ್ಚಿಹೋಗುತ್ತದೆ, ಹಾಗಾಗಿ ಬರಹವನ್ನು ಕೆಳಗಿಳಿಸಬೇಕು. ಇಳಿಸಿದರೆ ‘ಖ್ಯ’ದ ಒತ್ತು ಸೊಂಟದ ರಿಬ್ಬಿನ ಹತ್ತಿರ ಹೋಗುತ್ತದೆ, ಕೂತಾಗ ಅಲ್ಲಿ ಮಡಿಕೆ ಬೀಳುತ್ತದೆ. ಪದವನ್ನು ಚಿಕ್ಕದು ಮಾಡಲು ಹಾಸನಳಿಗೆ ಮನಸ್ಸಿಲ್ಲ, ‘ಮುಖ್ಯ’ ಒಂದು ಸಾಲು, ‘ರಸ್ತೆ’ ಇನ್ನೊಂದು ಸಾಲು ಮಾಡಲು ನನಗೆ ಮನಸ್ಸಿಲ್ಲ. ಪೇಂಟರ್ ಈ ಭಾನುವಾರ ಬೆಂಗಳೂರಿಗೆ ಬರುತ್ತಿದ್ದಾರೆ. ಸ್ಯಾಂಪಲ್ ಹುಡಿಯನ್ನು ದಾವಣಗೆರೆಗೆ ತೊಡಿಸಿ, ಬೆನ್ನಿಗೆ ಕಾಗದ ಚುಚ್ಚಿ, ಅದರ ಮೇಲೆಯೇ ಬರೆದು ನೋಡುತ್ತಾರಂತೆ. ಬೆಲೆ 2,199 ಅಂತ ಸದ್ಯಕ್ಕೆ ಇಟ್ಟುಕೊಂಡಿದ್ದೇವೆ. ಚಳಿ ಶುರುವಾಗುವುದರೊಳಗೆ ಕಟಿಂಗ್ ಮುಗಿಯಬೇಕು. ಬಟ್ಟೆ ಬುಕ್ ಆಗಿದೆ, ರಿಬ್ಬನ್ನೂ ಅದೇ ಲಾಟಿನಲ್ಲಿ ಅದ್ದಿಸಿ, ಎರಡನ್ನೂ ಬಿಸಿಲಿನಲ್ಲಿ ಹಿಡಿದು ನೋಡಿಕೊಂಡೇ ಬಂದಿದ್ದೇನೆ.